ಅಕ್ಟೋಬರ್ ಮಳೆಗೆ ಮೂಡಣದ ಕಡೆ ನೋಡಿ

ಜೂನ್‌ನಲ್ಲಿ ನಮ್ಮ ಉಡುಪಿ ಕರಾವಳಿಗೆ ಮಳೆ ಕಡಲಿನಿಂದ ಬರುತ್ತದೆ, ಅಕ್ಟೋಬರ್‌ನಲ್ಲಿ ಘಟ್ಟದಿಂದ ಇಳಿಯುತ್ತದೆ. ನಾಲ್ಕು ತಿಂಗಳು ಪಡ್ಡಾಯಿಗೆ, ಅಂದರೆ ಪಡುವಣಕ್ಕೆ, ಮುಖ ಮಾಡಿ ಅಭ್ಯಾಸವಾದ ನಮ್ಮನ್ನು ಚಿತ್ತಾ, ಸ್ವಾತಿ ಮಳೆಗಳು ಬೆನ್ನ ಹಿಂದಿನಿಂದ ಬಂದು ಹಿಡಿಯುತ್ತವೆ. ಮಳೆಗಾಲದ ಭತ್ತದ ಏಣಿಲು ಬೆಳೆ ಕಟಾವಾಗಿ ಭತ್ತ ಅಂಗಳದಲ್ಲಿರುವುದೂ, ಬೈಹುಲ್ಲು ಗದ್ದೆಯಲ್ಲಿ ಬಿದ್ದಿರುವುದೂ ಇದೇ ಹೊತ್ತಿನಲ್ಲಿ. ಕಳೆದ ವರ್ಷ ನಾನು ಕಡಲಿನ ಕಡೆಯ ನೀಲಿ ಆಕಾಶ ನಂಬಿ ಚಹಾಕ್ಕೆ ಕುಳಿತೆ. ಲೋಟ ಬರಿದಾಗುವ ಮೊದಲೇ ಭತ್ತ ತೇಲುತ್ತಿತ್ತು.

ಬೆಳಿಗ್ಗೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಆದರೆ ಅದು ಇಡೀ ಜಿಲ್ಲೆಗೆ ಹೇಳಿದ ಮಾತು. ಗುಡುಗಿನ ಮೋಡ ಕೆಲವೇ ಕಿಲೋಮೀಟರ್ ಅಗಲದ್ದು. ಹಿರಿಯಡ್ಕದಲ್ಲಿ ಸುರಿದು ಉಡುಪಿಯಲ್ಲಿ ಬಿಸಿಲು ಕಾಯುವುದುಂಟು. ಉಳಿದ ಕೆಲಸ ನಿಮ್ಮ ಕಣ್ಣಿನದು.

ಮಧ್ಯಾಹ್ನ ಊಟ ಮುಗಿಸಿ ಮೂಡಾಯಿಗೆ ತಿರುಗಿ. ಮಣಿಪಾಲದ ಗುಡ್ಡದಂತಹ ಎತ್ತರದ ಜಾಗವಿದ್ದರೆ ಘಟ್ಟದ ಸಾಲೇ ಕಾಣುತ್ತದೆ. ಹಗಲಿನ ಕಡಲಗಾಳಿ ತೇವ ಹೊತ್ತು ಒಳನಾಡಿಗೆ ಹೋಗಿ, ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಅಲ್ಲಿ ಹೂಕೋಸಿನಂತಹ ಬಿಳಿ ಮೋಡಗಳು ಮೇಲೇಳುತ್ತವೆ. ಹೂಕೋಸಿನ ಅಂಚು ಚೂಪಾಗಿರುವವರೆಗೆ ಸಮಯವಿದೆ. ತುದಿ ಹತ್ತಿ ಎಳೆದಂತೆ ಮಸುಕಾಗಿ, ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿತೋ, ಮೇಲೆ ಮಂಜುಗಡ್ಡೆಯ ಕಣಗಳು ಕಟ್ಟಿವೆ, ಗುಡುಗು ಖಚಿತ ಎಂದುಕೊಳ್ಳಿ. ಈ ಕಾಲದಲ್ಲಿ ಎತ್ತರದ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುವುದರಿಂದ ಆ ಮೋಡ ನಮ್ಮತ್ತಲೇ ಬರುತ್ತದೆ. ಟರ್ಪಾಲನ್ನು ಈಗ ಹೊರಗೆ ತನ್ನಿ, ನಾಲ್ಕು ಮೂಲೆಗೆ ಕೆಂಪುಕಲ್ಲಿನ ತುಂಡುಗಳನ್ನೂ ಇಟ್ಟುಕೊಳ್ಳಿ. ಗಾಳಿ ಬಂದ ಮೇಲೆ ಕಲ್ಲು ಹುಡುಕುವ ಪರದಾಟ ಬೇಡ.

ಮುಂದಿನ ಸೂಚನೆ ಚರ್ಮಕ್ಕೆ ತಿಳಿಯುತ್ತದೆ. ಕಡಲಗಾಳಿ ನಿಂತು ಸೆಕೆ ಕುದಿಯುತ್ತದೆ, ತೆಂಗಿನ ಗರಿ ಅಲ್ಲಾಡುವುದಿಲ್ಲ. ಆಮೇಲೆ ಫಕ್ಕನೆ ಮೂಡಣದಿಂದ ತಂಪು ಗಾಳಿ ನುಗ್ಗಿ, ಗರಿಗಳೆಲ್ಲ ಕಡಲಿನ ಕಡೆ ಬಾಗುತ್ತವೆ. ಇದನ್ನು ವಿದೇಶದ ಸುದ್ದಿಯಲ್ಲಿ ಬರುವ ‘ಕೋಲ್ಡ್ ಫ್ರಂಟ್’ ಎಂದುಕೊಳ್ಳುವವರಿದ್ದಾರೆ. ಅಲ್ಲ. ಅದು ಸಮಶೀತೋಷ್ಣ ನಾಡುಗಳದ್ದು: ಧ್ರುವದ ಕಡೆಯಿಂದ ಬಂದ ಭಾರದ ತಣ್ಣನೆ ಗಾಳಿ ಬೆಚ್ಚನೆ ಗಾಳಿಯ ಅಡಿಗೆ ಬೆಣೆಯಂತೆ ತೂರುತ್ತದೆ. ನೂರಾರು ಕಿಲೋಮೀಟರ್ ಉದ್ದದ ಆ ಸಾಲು ದಾಟಿದ ಮೇಲೆ ದಿನಗಟ್ಟಲೆ ಚಳಿ ಉಳಿಯಬಹುದು. ನಮ್ಮದು ಒಂದೇ ಮೋಡದ ಉಸಿರು. ಮಳೆಹನಿ ಆವಿಯಾಗುತ್ತಾ ತಂಪಾಗಿಸಿದ ಗಾಳಿ ಕೆಳಗೆ ಕುಸಿದು, ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಬೆಣೆಯ ಕೆಲಸ ಇಲ್ಲೂ ನಡೆಯುತ್ತದೆ, ಆದರೆ ನಿಮಗೆ ಸಿಗುವುದು ಕೆಲವೇ ನಿಮಿಷ. ಭತ್ತವನ್ನು ಅಂಗಳದ ನಡುವಿಗೆ ರಾಶಿ ಎಳೆದು ಮುಚ್ಚಿ. ನೀರು ಹರಿಯುವ ಇಳಿಜಾರಿನಲ್ಲಿ ರಾಶಿ ಹಾಕಿದರೆ ಟರ್ಪಾಲಿದ್ದೂ ಪ್ರಯೋಜನವಿಲ್ಲ.

ಮಿಂಚು ಕಂಡ ಕೂಡಲೇ ಎಣಿಸಿ. ಶಬ್ದಕ್ಕೆ ಒಂದು ಕಿಲೋಮೀಟರ್ ಕ್ರಮಿಸಲು ಸುಮಾರು 3 ಸೆಕೆಂಡ್ ಬೇಕು; 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗಿದೆ. ಅರ್ಧ ರಾಶಿ ಉಳಿದಿದ್ದರೂ ಬಿಟ್ಟು ಒಳಗೆ ಬನ್ನಿ. ತೆಂಗಿನ ಮರದಡಿ ನಿಲ್ಲಬೇಡಿ, ಟಿವಿಯ ಪ್ಲಗ್ ಮೊದಲೇ ಕಿತ್ತಿಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಅಂಗಳಕ್ಕೆ ಇಳಿಯುವುದು ಬೇಡ. ಮೊಬೈಲ್‌ನಲ್ಲಿ ‘ದಾಮಿನಿ’ ಆ್ಯಪ್ ಇದ್ದರೆ ಹತ್ತಿರದ ಸಿಡಿಲಿನ ಎಚ್ಚರಿಕೆ ಬರುತ್ತದೆ.

ಮಳೆ ಸಾಮಾನ್ಯವಾಗಿ ರಾತ್ರಿಯೊಳಗೆ ಬಿಡುತ್ತದೆ. ಆಕಾಶ ತಿಳಿಯಾದರೆ ಬೆಳಿಗ್ಗೆ ಇಬ್ಬನಿ ಇರುತ್ತದೆ. ಟರ್ಪಾಲಿನ ಒಳಮೈಯೂ ಬೆವರಿರುತ್ತದೆ. ಅದನ್ನು ಬೇಗ ತೆಗೆದು ಗಾಳಿಯಾಡಲು ಬಿಡಿ, ಆದರೆ ಅಂಗಳ ಒಣಗಿ ಅಂಗಾಲಿಗೆ ಬೆಚ್ಚಗೆ ತಾಗುವವರೆಗೆ ಭತ್ತ ಹರಡಬೇಡಿ.