ಸೂರ್ಯಾಸ್ತ ಸಾಕು, ಕಾಫಿ ಕಣಕ್ಕೆ ಬನ್ನಿ: ಮಾರಾಟವಾಗುವ ಸ್ಟಾಕ್ ವಿಡಿಯೋಗೆ ಐಡಿಯಾ ಹುಡುಕುವುದು ಹೇಗೆ?

ರಾಜಾಸೀಟಿನ ಸೂರ್ಯಾಸ್ತ, ಮಾಂದಲಪಟ್ಟಿಯ ಮಂಜು, ಅಬ್ಬಿ ಜಲಪಾತ. ಕೊಡಗಿನಲ್ಲಿ ಕ್ಯಾಮೆರಾ ಹಿಡಿದವರಲ್ಲಿ ಇವನ್ನು ತೆಗೆಯದವರು ಯಾರಿದ್ದಾರೆ ಹೇಳಿ? ಆದರೆ ಸ್ಟಾಕ್ ವಿಡಿಯೋ ಅಂದರೆ ಬೇರೆಯವರು ತಮ್ಮ ಕೆಲಸಕ್ಕೆ ಕೊಂಡು ಬಳಸಲೆಂದು ತಾಣಗಳಲ್ಲಿ ಮಾರಾಟಕ್ಕೆ ಇಡುವ ಸಿದ್ಧ ಕ್ಲಿಪ್. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್, ಪಾಂಡ್5 ತರಹದ ತಾಣಗಳಲ್ಲಿ ಮಂಜು ಮುಸುಕಿದ ಬೆಟ್ಟ ಅಂತ ಹುಡುಕಿ ನೋಡಿ. ಜಗತ್ತಿನ ಬೆಟ್ಟಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಅಷ್ಟರ ನಡುವೆ ನಿಮ್ಮ ಬೆಟ್ಟವನ್ನೇ ಯಾರಾದರೂ ಯಾಕೆ ಕೊಳ್ಳಬೇಕು?

ಕೊಳ್ಳುವವರು ನೋಟ ನೋಡಲು ಬಂದವರಲ್ಲ. ಜಾಹೀರಾತು ಕಂಪನಿಯ ಎಡಿಟರ್, ಸುದ್ದಿ ವಾಹಿನಿಯವರು, ಯೂಟ್ಯೂಬ್ ಚಾನೆಲ್‌ನವರು, ಹೊಸ ಕಾಫಿ ಬ್ರ್ಯಾಂಡ್‌ನವರು. ಅವರ ಕೈಯಲ್ಲಿ ಆಗಲೇ ಒಂದು ಸಾಲು ಇರುತ್ತದೆ: ‘ನಮ್ಮ ರೈತರು ಹಣ್ಣನ್ನು ಕೈಯಿಂದಲೇ ಆರಿಸುತ್ತಾರೆ.’ ಆ ಸಾಲಿನ ಕೆಳಗೆ ಹಾಕಲು ಐದಾರು ಸೆಕೆಂಡಿನ ದೃಶ್ಯ ಬೇಕು, ಅಷ್ಟೇ. ಹಾಗಾಗಿ ಮೊದಲ ಹೆಜ್ಜೆ ಇದು: ಐಡಿಯಾ ಹೊಳೆದಾಗ ಅದರ ಮೇಲೆ ಯಾರು, ಯಾವ ಮಾತು ಹೇಳಬಹುದು ಅಂತ ಒಂದು ವಾಕ್ಯ ಬರೆಯಿರಿ. ವಾಕ್ಯ ಬರಲಿಲ್ಲವಾ? ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ.

ಒಂದು ಕೆಲಸ ಹಿಡಿದು ಕೊನೆತನಕ ಹೋಗಿ

ನನ್ನ ಪ್ರಕಾರ ಐಡಿಯಾ ಸಿಗುವ ಅತಿ ಒಳ್ಳೆಯ ಜಾಗ ನಿಮ್ಮ ಮನೆಯ ಅಥವಾ ಪಕ್ಕದವರ ತೋಟದ ಕೆಲಸ. ಕಾಫಿ ಕುಯ್ಲನ್ನೇ ತೆಗೆದುಕೊಳ್ಳಿ. ರೆಂಬೆಯ ಉದ್ದಕ್ಕೂ ಬೆರಳು ಓಡುವುದು, ಹಣ್ಣು ಚೀಲಕ್ಕೆ ಬೀಳುವುದು, ಸಂಜೆ ತೂಕ ಹಾಕುವುದು, ಪಲ್ಪರ್‌ನಲ್ಲಿ ಕೆಂಪು ಸಿಪ್ಪೆ ಒಂದು ಕಡೆ, ಅಂಟಂಟಾದ ಬೀಜ ಇನ್ನೊಂದು ಕಡೆ ಹೋಗುವುದು. ಆಮೇಲೆ ಕಣ. ಬೆಳಿಗ್ಗೆ ಪಾರ್ಚ್‌ಮೆಂಟ್ (ಪೊರೆ ಇನ್ನೂ ಇರುವ ಆ ಬೀಜ) ಹರಡಿ ಹಲಗೆಯಿಂದ ಎಳೆಯುವಾಗ ಉದ್ದುದ್ದ ಸಾಲು ಬೀಳುತ್ತದಲ್ಲ, ಕ್ಯಾಮೆರಾವನ್ನು ನೆಲಮಟ್ಟಕ್ಕೆ ಇಟ್ಟು ಅದನ್ನು ತೆಗೆಯಿರಿ. ಓರೆ ಬಿಸಿಲಿಗೆ ಪ್ರತಿ ಸಾಲಿನ ಪಕ್ಕದಲ್ಲೂ ನೆರಳು ಬಿದ್ದಿರುತ್ತದೆ. ಹಲಗೆ ಹತ್ತಿರ ಬಂದಂತೆ ಬೀಜಗಳು ಲೆನ್ಸಿನ ಮುಂದೆಯೇ ಉರುಳುತ್ತವೆ. ಸಂಜೆ ಇಬ್ಬನಿಗೆ ಮುಂಚೆ ರಾಶಿ ಮಾಡಿ ಟಾರ್ಪಾಲ್ ಮುಚ್ಚುವುದೂ ಒಂದು ಕ್ಲಿಪ್. ಕೊನೆಗೆ ಹುರಿಯುವುದು, ಪುಡಿ ಮಾಡುವುದು, ಫಿಲ್ಟರಿನಿಂದ ಡಿಕಾಕ್ಷನ್ ತೊಟ್ಟಿಕ್ಕುವುದು.

ಒಂದೊಂದನ್ನೂ ದೂರದಿಂದ, ಮಧ್ಯದಿಂದ, ತೀರಾ ಹತ್ತಿರದಿಂದ ತೆಗೆಯಿರಿ. ಒಬ್ಬ ಗ್ರಾಹಕನಿಗೆ ನಿಮ್ಮ ಒಂದು ಕ್ಲಿಪ್ ಹಿಡಿಸಿದರೆ ಅದರ ಜೊತೆಗೆ ಹೊಂದುವ ಇನ್ನೊಂದೆರಡನ್ನೂ ಹುಡುಕುತ್ತಾನೆ.

ಇನ್ನೂ ಒಂದು ಲಾಭ ಇದೆ. ಬ್ರೆಜಿಲ್‌ನ ಕಾಫಿ ದೃಶ್ಯಗಳಲ್ಲಿ ಜಾಸ್ತಿ ಕಾಣುವುದು ಬಯಲು ಬಿಸಿಲಿನ ಗಿಡ, ದೊಡ್ಡ ಯಂತ್ರ. ನಮ್ಮದು ಮರದ ನೆರಳಿನ ಕಾಫಿ. ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬಳ್ಳಿಗೆ ಒರಗಿಸಿದ ಬಿದಿರೇಣಿ. ಈ ಮೂರೂ ಒಂದೇ ಫ್ರೇಮಿನಲ್ಲಿ ಬಂದರೆ ಬ್ರೆಜಿಲ್‌ನವರು ಅದನ್ನು ಕೊಡಲಾರರು.

ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ

ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಹೂವು ಇರುವುದು ಕೆಲವೇ ದಿನ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಅದನ್ನೂ ಬಿಡಬೇಡಿ, ಹವಾಮಾನ ಬದಲಾವಣೆ ಬಗ್ಗೆ ವಿಡಿಯೋ ಮಾಡುವವರಿಗೆ ಅಂಥದ್ದೇ ಬೇಕು. ಮಳೆಗಾಲದಲ್ಲಿ ಗದ್ದೆ ನಾಟಿ, ಕಣಿಲೆ (ಎಳೆ ಬಿದಿರು) ಹೆಚ್ಚುವುದು. ಆಗಸ್ಟ್ 3ಕ್ಕೆ ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದುಸೊಪ್ಪಿನ ಅಡುಗೆ ಮಾಡುವ ದಿನ. ಮದ್ದುಸೊಪ್ಪು ಬೇಯುತ್ತಾ ನೀರು ನೇರಳೆ ಬಣ್ಣಕ್ಕೆ ತಿರುಗುವುದನ್ನು ಪಾತ್ರೆಯ ಮೇಲಿಂದ ತೆಗೆಯಿರಿ. ಸಾಂಪ್ರದಾಯಿಕ ಆಹಾರ, ಗಿಡಮೂಲಿಕೆ, ಆರೋಗ್ಯ, ಮೂರು ವಿಷಯಕ್ಕೂ ಅದು ಒದಗುತ್ತದೆ.

ಅಕ್ಟೋಬರ್ 1 ಅಂತರರಾಷ್ಟ್ರೀಯ ಕಾಫಿ ದಿನ. ಅದಕ್ಕೆ ಬೇಕಾದ ಕ್ಲಿಪ್ ಸೆಪ್ಟೆಂಬರ್ ಕೊನೆಗೆ ಏರಿಸಿದರೆ ಪ್ರಯೋಜನವಿಲ್ಲ. ಎಡಿಟರ್‌ಗಳು ಮುಂಚೆಯೇ ಹುಡುಕಿರುತ್ತಾರೆ. ಎರಡು-ಮೂರು ತಿಂಗಳು ಮೊದಲೇ ಹಾಕಿಬಿಡಿ.

ಖಾಲಿ ಜಾಗ ಹುಡುಕಿ

ಚಿತ್ರೀಕರಣಕ್ಕೆ ಮೊದಲು ಆ ವಿಷಯವನ್ನು ತಾಣದಲ್ಲಿ ಇಂಗ್ಲಿಷಿನಲ್ಲಿ ಹುಡುಕಿ, ಜನಪ್ರಿಯವಾದವು ಮೇಲೆ ಬರುವಂತೆ ಜೋಡಿಸಿ. ಮೊದಲ ಪುಟದಲ್ಲಿ ಏನಿದೆ ಅನ್ನುವುದಕ್ಕಿಂತ ಏನಿಲ್ಲ ಅಂತ ನೋಡಿ. ಆನೆ ಸಾವಿರ ಇರುತ್ತವೆ. ಆನೆ ತುಳಿದು ಹೋದ ಬಾಳೆ, ಕೆಸರಿನಲ್ಲಿ ಹೆಜ್ಜೆ, ಕಾಡಂಚಿನ ಹಳೆ ರೈಲು ಹಳಿಯ ಬೇಲಿ ಎಷ್ಟಿವೆ? ಕಾಡಾನೆ-ಮನುಷ್ಯರ ಸಂಘರ್ಷದ ಸುದ್ದಿಗೆ ಇವೇ ಬೇಕು. ಇದಕ್ಕೆ ಆನೆಯ ಹಿಂದೆ ಹೋಗಬೇಕಾಗಿಲ್ಲ, ದಯವಿಟ್ಟು ಹೋಗಲೂಬೇಡಿ. ಅರಣ್ಯದೊಳಗೆ ಚಿತ್ರೀಕರಣಕ್ಕೆ ಇಲಾಖೆಯ ಅನುಮತಿ ಬೇಕು. ಡ್ರೋನ್ ಹಾರಿಸುವ ಮುನ್ನ ಸರ್ಕಾರದ ಡ್ರೋನ್ ತಾಣವಾದ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ವಲಯದಲ್ಲಿದೆ ನೋಡಿಕೊಳ್ಳಿ.

ಕಾಗದ ಮೊದಲು, ಕ್ಯಾಮೆರಾ ಆಮೇಲೆ

ಮುಖ ಗುರುತು ಸಿಗುವಂತಿದ್ದರೆ, ಜಾಹೀರಾತಿಗೆ ಮಾರಲು ಆ ವ್ಯಕ್ತಿ ಸಹಿ ಮಾಡಿದ ಮಾಡೆಲ್ ರಿಲೀಸ್ (ಒಪ್ಪಿಗೆ ಪತ್ರ) ಬೇಕು. ಖಾಸಗಿ ಮನೆ, ಎಸ್ಟೇಟ್ ಬಂಗಲೆ ಇದ್ದರೆ ಮಾಲೀಕರ ಪ್ರಾಪರ್ಟಿ ರಿಲೀಸ್. ಕುಯ್ಲಿಗೆ ಅಸ್ಸಾಮಿನಿಂದ, ಬೇರೆ ರಾಜ್ಯಗಳಿಂದ ಬಂದವರೂ ಇರುತ್ತಾರೆ. ಏನಕ್ಕೆ ಸಹಿ ಅಂತ ಅವರ ಭಾಷೆ ಬಲ್ಲವರಿಂದ ಹೇಳಿಸಿ, ಅವರ ಅರ್ಧ ದಿನ ಹಿಡಿದರೆ ಅದರ ದುಡ್ಡೂ ಕೊಡಿ. ‘ಏನಿಲ್ಲ ಅಕ್ಕ, ಸುಮ್ನೆ ಒಂದು ಸಹಿ’ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಸಹಿ ಇಲ್ಲದಿದ್ದರೆ ಕೈ, ಬೆನ್ನು, ನೆರಳು ತೆಗೆಯಿರಿ. ಕೈಲ್‌ಪೊಳ್ದ್, ಹುತ್ತರಿಯಂಥ ಹಬ್ಬದ ಗುಂಪನ್ನು ಎಡಿಟೋರಿಯಲ್ (ಜಾಹೀರಾತಿಗಲ್ಲದೆ ಸುದ್ದಿ, ಮಾಹಿತಿಗೆ ಮಾತ್ರ) ವಿಭಾಗಕ್ಕೆ ಹಾಕಬಹುದು, ಆದರೆ ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆ) ಹಿರಿಯರನ್ನು ಕೇಳಿಯೇ ಕ್ಯಾಮೆರಾ ಹೊರತೆಗೆಯಿರಿ. ಗೊಬ್ಬರದ ಚೀಲ, ಟೀ ಶರ್ಟ್, ಜೀಪಿನ ಮೇಲಿನ ಕಂಪನಿ ಹೆಸರು ಕಂಡರೂ ಜಾಹೀರಾತಿನ ಬಳಕೆಗೆ ಕ್ಲಿಪ್ ತಿರಸ್ಕಾರವಾಗುತ್ತದೆ.

ತೆಗೆಯುವಾಗ

ಟ್ರೈಪಾಡ್, 4ಕೆ, ಒಂದೊಂದು ಕ್ಲಿಪ್ ಹತ್ತರಿಂದ ಇಪ್ಪತ್ತು ಸೆಕೆಂಡ್. ನಡುಮಧ್ಯಾಹ್ನ ತೋಟದೊಳಗೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಎಕ್ಸ್‌ಪೋಶರ್ ಹಿಡಿಯುವುದು ಕಷ್ಟ. ಮೋಡದ ದಿನ ಒಳ್ಳೆಯದು. ಮನೆಯೊಳಗೆ ಬಲ್ಬ್ ಮಿಣುಕಿದರೆ ಶಟರ್ 1/50 ಇಟ್ಟು ನೋಡಿ, ನಮ್ಮ ಕರೆಂಟ್ 50 ಹರ್ಟ್ಸ್.

ಕೀವರ್ಡ್ ಬರೆಯುವಾಗ ಕೊಡಗು, ಕೂರ್ಗ್ ಇರಲಿ, ಆದರೆ ಅವು ಕೊನೆಗೆ. ಮೊದಲು ನೀವು ಬರೆದಿಟ್ಟ ಆ ವಾಕ್ಯದ ಪದಗಳು: ಕೈ, ಕುಯ್ಲು, ಹಣ್ಣು, ರೈತ ಮಹಿಳೆ, ನೆರಳಿನ ಕಾಫಿ.

ದುಡ್ಡಿನ ವಿಷಯ. ಅಡೋಬಿ ಸ್ಟಾಕ್ ವಿಡಿಯೋಗೆ 35 ಶೇಕಡ ಪಾಲು ಕೊಡುತ್ತದೆ, ಬೇರೆಯವರ ಲೆಕ್ಕ ಬೇರೆ. ಮೊದಲ ಮಾರಾಟಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಖಾತೆ ತೆರೆದ ದಿನವೇ ಅಮೆರಿಕದ ತೆರಿಗೆ ಫಾರಂ ಡಬ್ಲ್ಯೂ-8ಬೆನ್ ಅನ್ನು ಪ್ಯಾನ್ ನಂಬರ್ ಹಾಕಿ ತುಂಬಿಬಿಡಿ. ಇಲ್ಲದಿದ್ದರೆ ಅಲ್ಲಿನ ಮಾರಾಟದ ಪಾಲಿನಿಂದ 30 ಶೇಕಡ ತೆರಿಗೆ ಹಿಡಿದೇ ಕೊಡುತ್ತಾರೆ.