ಚಾಪ್ಲಿನ್ ಸಿನಿಮಾ ತೋರಿಸುವ ಮೊದಲು ಪ್ರತಿ ಯಾವುದು ನೋಡಿ

ಶಾಲೆಯಲ್ಲೋ ಲೈಬ್ರರಿಯಲ್ಲೋ ಮಕ್ಕಳಿಗೆ ಚಾಪ್ಲಿನ್ ಅವರ 'ದಿ ಗೋಲ್ಡ್ ರಶ್' ತೋರಿಸುವ ಆಸೆಯಾ? ಹಳೇ ಸಿನಿಮಾ, ಯಾರು ಕೇಳ್ತಾರೆ ಅಂತ ಸುಮ್ನೆ ಹಾಕಿಬಿಡಬೇಡಿ. ಹಕ್ಕುಸ್ವಾಮ್ಯ ಮುಗಿದಿದೆಯೇ ಎಂದು ತಿಳಿಯುವುದು ಕಷ್ಟವೇನಲ್ಲ.

ಮೊದಲು ಕೈಯಲ್ಲಿರುವ ಪ್ರತಿ ಯಾವುದು ನೋಡಿ. ಜಾಸ್ತಿ ಜನ ಎಡವುವುದು ಇಲ್ಲೇ. ಈ ಸಿನಿಮಾ ಎರಡು ರೂಪದಲ್ಲಿದೆ. 1925ರದು ಮೂಕಿ. ಮಾತಿನ ಜಾಗದಲ್ಲಿ ಅಕ್ಷರದ ಫಲಕಗಳು ಬರುತ್ತವೆ. 1942ರಲ್ಲಿ ಚಾಪ್ಲಿನ್ ಆ ಫಲಕ ತೆಗೆದು, ತಮ್ಮದೇ ದನಿಯಲ್ಲಿ ಕಥೆ ಹೇಳಿ, ಸಂಗೀತ ಸೇರಿಸಿ, ಚಿತ್ರವನ್ನು ಮೊಟಕು ಮಾಡಿ ಮತ್ತೆ ಬಿಡುಗಡೆ ಮಾಡಿದರು. ಶುರುವಿನಲ್ಲಿ ಜನ ಸಾಲಾಗಿ ಹಿಮದ ಬೆಟ್ಟ ಹತ್ತುತ್ತಾರಲ್ವಾ, ಅಲ್ಲೇ ಗಂಡಸಿನ ದನಿ ಕೇಳಿದರೆ ಅದು 1942ರ ಪ್ರತಿ. ಬೂಟು ಬೇಯಿಸಿ ತಿನ್ನುವ ದೃಶ್ಯ ಎರಡರಲ್ಲೂ ಇದೆ. ಹಸಿದವನು ಬೂಟಿನ ದಾರವನ್ನು ಶ್ಯಾವಿಗೆಯಂತೆ ಫೋರ್ಕಿಗೆ ಸುತ್ತುತ್ತಾನೆ, ಮೊಳೆಯನ್ನು ಮೂಳೆಯಂತೆ ಚೀಪುತ್ತಾನೆ. ಎಷ್ಟು ಸಲ ನೋಡಿದರೂ ನನಗೆ ಸಾಲದು.

ಆಮೇಲೆ ವರ್ಷ ಎಣಿಸಿ. ಅಮೆರಿಕದಲ್ಲಿ ಆ ಕಾಲದ ಚಿತ್ರಗಳಿಗೆ 95 ವರ್ಷ. ಹಾಗಾಗಿ 1925ರ ಪ್ರತಿ 2021ರ ಜನವರಿ 1ರಿಂದ ಎಲ್ಲರ ಸೊತ್ತು. 1942ರದಕ್ಕೆ 2037ರ ಕೊನೆವರೆಗೆ ಕಾಯಬೇಕು. ನಮ್ಮ ಕಾಯ್ದೆ ಸಿನಿಮಾಗೆ ಕೊಡುವುದು ಬಿಡುಗಡೆಯ ಮರುವರ್ಷದಿಂದ 60 ವರ್ಷ. ಆ ಲೆಕ್ಕಕ್ಕೆ 1925ರ ಚಿತ್ರದ ಅವಧಿ 1985ಕ್ಕೇ ಮುಗಿಯಿತು. ಆದರೆ ಬರಹ, ಸಂಗೀತದ ಹಕ್ಕು ಬೇರೆ. ಅದು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಚಾಪ್ಲಿನ್ ತೀರಿಕೊಂಡಿದ್ದು 1977ರಲ್ಲಿ. ಅಂದರೆ 1942ರಲ್ಲಿ ಅವರು ಸೇರಿಸಿದ ಸಂಗೀತಕ್ಕೆ ಇಲ್ಲೂ 2037ರ ಕೊನೆಯೇ ಗಡುವು.

ಇಂಟರ್ನೆಟ್‌ಗೆ ಹಾಕುವುದಾದರೆ ಇನ್ನೂ ಹುಷಾರು. ಯುರೋಪಿನಲ್ಲಿ ಲೆಕ್ಕ ಸಾವಿನ ನಂತರ 70 ವರ್ಷ, ಅಂದರೆ 2047ರ ಕೊನೆ.

ಕೊನೆಗೆ ಶಬ್ದ. 1925ರ ಪ್ರತಿಯೇ ಆದರೂ ಡಿವಿಡಿಯಲ್ಲಿ ಈಚೆಗೆ ನುಡಿಸಿದ ಸಂಗೀತ ಇರಬಹುದು, ಅದಕ್ಕೆ ಅದರದೇ ಹಕ್ಕು. ವಾಲ್ಯೂಮ್ ಪೂರ್ತಿ ಇಳಿಸಿ, ಊರಿನ ಹಾರ್ಮೋನಿಯಂ, ತಬಲಾದವರನ್ನು ಪರದೆಯ ಪಕ್ಕ ಕೂರಿಸಿ. ಮೂಕಿ ಕಾಲದಲ್ಲಿ ನಮ್ಮಲ್ಲಿ ಹಾಗೇ ನುಡಿಸುತ್ತಿದ್ದರು. ಎರಡು ಬನ್ನಿಗೆ ಫೋರ್ಕ್ ಚುಚ್ಚಿ ಕುಣಿಸುವ ದೃಶ್ಯವನ್ನು ಮಾತ್ರ ಅವರಿಗೆ ಮೊದಲೇ ತೋರಿಸಿಡಿ. ಅಲ್ಲಿ ತಾಳ ತಪ್ಪಬಾರದು.