ಕಸ್ಟಡಿ ಕೇಸಲ್ಲಿ ಮಗುವಿನ ಮಾತು: ಎರಡು ಭೇಟಿ ಮಾಡಿಸಿದ ಮೇಲೆ ತೂಕ ಬಂತು

“ಏಳು ವರ್ಷದ ಕೂಸಿನ ಮಾತು ಯಾವ ಕೋರ್ಟು ಕೇಳ್ತದ?” ಅಂತ ಕಲಬುರಗಿಯ ಹಿರಿಯ ವಕೀಲರೇ ಅಂದಿದ್ದರು. ಈಗ ಅವರೇ, ನ್ಯಾಯಾಧೀಶರು ಮಗುವನ್ನು ಎರಡು ಸಲ ಕಂಡು ಕೇಳಲಿ ಎಂಬ ನನ್ನ ಅರ್ಜಿಯ ನಮೂನೆ ಕೇಳಿ ತಗೊಂಡು ಹೋಗುತ್ತಾರೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17(3)ರ ಪ್ರಕಾರ ತಿಳಿದು ಹೇಳಬಲ್ಲ ಮಗುವಿನ ಇಷ್ಟವನ್ನು ಕೋರ್ಟು ಪರಿಗಣಿಸಬಹುದು, ಅದರಲ್ಲಿ ವಯಸ್ಸಿನ ಗೆರೆ ಇಲ್ಲ. 2008ರ ನಿಲ್ ರತನ್ ಕುಂಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಆರರ ಆಸುಪಾಸಿನ ಹುಡುಗನನ್ನು ಛೇಂಬರಿಗೆ, ಅಂದರೆ ನ್ಯಾಯಾಧೀಶರ ಖಾಸಗಿ ಕೋಣೆಗೆ, ಕರೆಸಿ ಮಾತಾಡಿಸಿತ್ತು.

ಮೊದಲು ಕೆಟ್ಟದ್ದು ಮಗುವನ್ನು ನ್ಯಾಯಾಧೀಶರಿಗೆ ಒಂದೇ ಸಲ ಭೇಟಿ ಮಾಡಿಸಿದ್ದರಿಂದ. ಕರೆತಂದವರ ಮಾತೇ ಮಗುವಿನ ಬಾಯಲ್ಲಿ ಬರುತ್ತಿತ್ತು. ಮಗು ಬರೆದ ಪತ್ರ ಹಾಕಿದ್ದೂ ದಂಡ, “ಯಾರು ಬರೆಸಿದ್ದು?” ಎಂಬ ಒಂದೇ ಪ್ರಶ್ನೆಗೆ ಬಿದ್ದುಹೋಯಿತು. ಯಾದಗಿರಿಯಿಂದ ಬರುವ ಕಕ್ಷಿದಾರರಿಗೆ ಬಸ್ಸು, ಊಟ, ಹೋದ ಕೂಲಿ ಸೇರಿ ಒಂದೊಂದು ವಾಯಿದೆಗೆ, ಅಂದರೆ ವಿಚಾರಣೆಯ ದಿನಕ್ಕೆ, ಸಾವಿರದೈನೂರು ರೂಪಾಯಿಯ ಹತ್ತಿರ ಖರ್ಚು. ಹಾಗೆ ಎಂಟು-ಒಂಬತ್ತು ವಾಯಿದೆ ಹೋದವು. ಎರಡು ಭೇಟಿಯ ದಾರಿಯಲ್ಲಿ ನಾಲ್ಕಕ್ಕೆ ಮುಗಿಯಿತು.

ಐಎಯಲ್ಲಿ (ಕೇಸು ನಡೆಯುವಾಗ ಹಾಕುವ ಮಧ್ಯಂತರ ಅರ್ಜಿ) ಹೀಗೆ ಕೇಳಿ: ಛೇಂಬರಿನಲ್ಲಿ ಎರಡು ಭೇಟಿ, ನಡುವೆ ಮೂರು ವಾರ. ಒಮ್ಮೆ ತಾಯಿ ಕರೆತರಬೇಕು, ಇನ್ನೊಮ್ಮೆ ತಂದೆ. ತಂದೆಯ ಮನೆಯಲ್ಲಿ ಕನಿಷ್ಠ ಎರಡು ರಾತ್ರಿ ಕಳೆದ ಮೇಲೆಯೇ ಆ ಎರಡನೆಯದು. ವಕೀಲರೂ ಹೊರಗೆ. ಫ್ಯಾಮಿಲಿ ಕೋರ್ಟ್ಸ್ ಕಾಯ್ದೆಯ 12ನೇ ಕಲಮಿನಡಿ ಮಕ್ಕಳ ಮನಃಶಾಸ್ತ್ರಜ್ಞರನ್ನೂ ಕೇಳಬಹುದು. ವರದಿಗೆ ಐದಾರು ಸಾವಿರ ತಗುಲಿತು. ಎರಡೂ ಸಲ ಒಂದೇ ಉತ್ತರ ಬಂದರೆ ಅದನ್ನು ಗಟ್ಟಿಯಾಗಿ ಹಿಡಿಯಿರಿ. ಬೇರೆ ಬಂದರೆ ಮಗುವಿನ ಇಷ್ಟದ ಮೇಲೆ ವಾದ ಕಟ್ಟಬೇಡಿ, ಶಾಲೆಯ ಹಾಜರಿ, ಆರೋಗ್ಯದ ದಾಖಲೆ ಮುಂದಿಡಿ.

“ಯಾರ ಬಲ್ಲಿ ಇರ್ತಿ?” ಅಂತ ಕೇಳಿಸಲೇಬಾರದು, ಮಗು ನೆಲ ನೋಡುತ್ತದೆ. “ಜ್ವರ ಬಂದ್ರ ಯಾರ ಬಲ್ಲಿ ಮಲಗ್ತಿ? ಡಬ್ಬಿ ಯಾರು ಕಟ್ತಾರ?” ಅಂದರೆ ಮಾತು ತಾನಾಗಿ ಹರಿಯುತ್ತದೆ. ಹೇಳಿಕೊಟ್ಟದ್ದು ಭಾಷೆಯಲ್ಲೇ ಗೊತ್ತಾಗುತ್ತದೆ: ಸ್ವಂತ ಮಾತಾದರೆ “ಅಪ್ಪ ಕುಡದು ಬರ್ತಾನ”, ಉರು ಹೊಡೆಸಿದ್ದಾದರೆ “ತಂದೆಯವರು ದುಶ್ಚಟಕ್ಕೆ ದಾಸರಾಗಿದ್ದಾರೆ”. ತಾಂಡಾದ ಮಗುವಿಗೆ ಲಂಬಾಣಿ ಬಲ್ಲ, ಎರಡೂ ಮನೆಗೆ ಸೇರದ ದುಭಾಷಿ ಬೇಕು. ಒಡಹುಟ್ಟಿದವರಿದ್ದರೆ ಕಿರಿಯದನ್ನು ಮೊದಲು ಒಳಗೆ ಕಳಿಸಿ. ಇಲ್ಲದಿದ್ದರೆ ಅಕ್ಕ ಹೊರಗೆ ಬಂದು ಹೇಳಿದ್ದನ್ನೇ ತಮ್ಮ ಹೇಳುತ್ತಾನೆ. ನನ್ನ ಪ್ರಶ್ನೆಪಟ್ಟಿಯ ಮೊದಲ ಎರಡನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಮರುವಾರವೇ ಮಕ್ಕಳಿಗೆ ಬಾಯಿಪಾಠವಾಗುತ್ತವೆ.

ವಿಡಿಯೊ ಕಾಲ್‌ನಲ್ಲೂ ನೋಡಿದ್ದಾಯಿತು. ಮಗುವಿನ ಕಣ್ಣು ಮತ್ತೆಮತ್ತೆ ಫೋನಿನ ಆಚೆ ಹೋಗುತ್ತಿತ್ತು, ಅಲ್ಲಿ ಯಾರೋ ನಿಂತಿದ್ದರು. ಬಿಟ್ಟುಬಿಟ್ಟೆ.

ಭೇಟಿಯ ದಿನವೇ ಮಗುವಿನ ವಯಸ್ಸು, ತರಗತಿ, ಆಡಿದ ಭಾಷೆ, ಕರೆತಂದವರು, ಒಳಗಿದ್ದವರು, ಇಷ್ಟೂ ಆರ್ಡರ್ ಶೀಟಿಗೆ (ಆ ದಿನ ಕೋರ್ಟಿನಲ್ಲಿ ನಡೆದದ್ದನ್ನು ಬರೆಯುವ ಹಾಳೆ) ಬಂದಿದೆಯೇ ನೋಡಿಕೊಳ್ಳಿ. ಹೈಕೋರ್ಟ್ ಪೀಠದಲ್ಲಿ ಅಪೀಲು ಬಂದಾಗ ಮೊದಲು ತೆರೆಯುವುದು ಆ ಹಾಳೆ.